ಎಡಿಎಚ್‌ಡಿ ಮಾತ್ರೆಗಳಲ್ಲಿ ಯಾವುದು ಒಳ್ಳೆಯದು? ಕಾಸರಗೋಡು ಕಡೆಯವರು ದಯವಿಟ್ಟು ಹೇಳಿ

ನೀರ್ಚಾಲಿನ ಅಪ್ಪ

ಎಲ್ಲರಿಗೂ ನಮಸ್ಕಾರ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಮಂಗಳೂರಿನಲ್ಲಿ ಮೂರು ಸಲ ತೋರಿಸಿದ ಮೇಲೆ ಎಡಿಎಚ್‌ಡಿ, ಅಂದರೆ ಒಂದರ ಮೇಲೆ ಗಮನ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ ಅಂತ ಹೇಳಿದ್ದಾರೆ. ಮೀಥೈಲ್‌ಫೆನಿಡೇಟ್ 5 ಮಿಲಿಗ್ರಾಂ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅಂತ ಬರೆದುಕೊಟ್ಟಿದ್ದಾರೆ. ಚೀಟಿ ಹತ್ತು ದಿನದಿಂದ ಕಪಾಟಿನಲ್ಲೇ ಉಂಟು. ಕೊಡುವ ಧೈರ್ಯ ಬರುತ್ತಿಲ್ಲ.

ಒಬ್ಬೊಬ್ಬರದ್ದು ಒಂದೊಂದು ಮಾತು. ಗೆಳೆಯನ ಮಗಳಿಗೆ 18 ಮಿಲಿಗ್ರಾಂ ಕೊಡುತ್ತಾರಂತೆ, ನಮಗೆ ಯಾಕೆ 5 ಅಂತ ಒಂದು ಸಂಶಯ. ಹೆಂಡತಿಯ ಅಕ್ಕ ಅಮೆರಿಕದಲ್ಲಿದ್ದಾರೆ. ಅವರ ಮಗನಿಗೆ ಆಡರಾಲ್. "ಅದು ಸ್ಟ್ರಾಂಗ್, ಬೇಕಾದರೆ ಇಲ್ಲಿಂದ ಕಳಿಸುತ್ತೇನೆ" ಅನ್ನುತ್ತಾರೆ. ಅಮ್ಮನಿಗೆ ಇದೆಲ್ಲ ಸುಮ್ನೆ. "ನೀನು ಸಣ್ಣದಿರುವಾಗ ಹೀಗೇ ಇದ್ದೆ, ಈಗ ಎಂತ ಆಗಿದೆ ನಿನಗೆ?" ಅಂತ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನು ಈಗಲೂ ವಾರಕ್ಕೆ ಎರಡು ಸಲ ಬೈಕಿನ ಕೀ ಹುಡುಕುವವ.

ಇನ್‌ಸ್ಪಿರಾಲ್, ಆಡ್‌ವೈಜ್, ಕಾನ್ಸರ್ಟಾ, ಆಡರಾಲ್, ವೈವಾನ್ಸ್. ಇವುಗಳಲ್ಲಿ ಯಾವುದು ಒಳ್ಳೆಯದು? ಕೊಟ್ಟು ನೋಡಿದವರು ಹೇಳಿ.

ಮುಳ್ಳೇರಿಯದ ಅಮ್ಮ

ಮಗಳಿಗೆ ಎರಡು ವರ್ಷದಿಂದ ಕೊಡುತ್ತಿದ್ದೇವೆ. ಮೊದಲು ಸಣ್ಣ ಮಾತ್ರೆ, ದಿನಕ್ಕೆ ಎರಡು ಸಲ. ಈಗ ಬೆಳಿಗ್ಗೆ ಒಂದೇ, ದೀರ್ಘ ಕಾಲ ಕೆಲಸ ಮಾಡುವಂಥದ್ದು. ಮದ್ದು ಒಂದೇ, ಮೀಥೈಲ್‌ಫೆನಿಡೇಟ್. ಮಾತ್ರೆಯ ಕಟ್ಟೋಣ ಮಾತ್ರ ಬೇರೆ.

ನಮ್ಮ ಮನೆಯಲ್ಲಿ ಆದ ಒಂದು ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳು ಮಾತ್ರೆ ನುಂಗಲಿಕ್ಕೆ ಹಟ ಮಾಡುತ್ತಿದ್ದಳು. ನಾನು ಹಟ್ಟಿಯಲ್ಲಿದ್ದೆ. ಅತ್ತೆಗೆ ಮೊಮ್ಮಗಳ ಮೇಲೆ ಕನಿಕರ. ಮದ್ದು ತೇಯುವ ಕಲ್ಲಿನಲ್ಲಿ 18ರ ಮಾತ್ರೆಯನ್ನು ಚೆನ್ನಾಗಿ ಅರೆದು ಜೇನಿನಲ್ಲಿ ಕಲಸಿ ನೆಕ್ಕಿಸಿಬಿಟ್ಟರು! ಇಡೀ ದಿನಕ್ಕೆ ಸ್ವಲ್ಪ ಸ್ವಲ್ಪ ಬಿಡಬೇಕಾದ ಮದ್ದು ಒಟ್ಟಿಗೇ ಒಳಗೆ ಹೋಯಿತು. ಎದೆ ಡವಡವ ಅನ್ನುತ್ತದೆ ಅಂತ ಮಗಳು ಅತ್ತಳು. ಊಟ ಮುಟ್ಟಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಕಣ್ಣು ಮುಚ್ಚಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ, ಅವರು ಹೇಳಿದ ಹಾಗೆ ನಾಡಿ ನೋಡುತ್ತಾ ಕೂತೆವು. ಬೆಳಗ್ಗೆ ಸರಿಯಾಯಿತು. ಅತ್ತೆ ಪಾಪ, ಮೂರು ದಿನ ಸರಿಯಾಗಿ ಉಣ್ಣಲಿಲ್ಲ.

ದೀರ್ಘ ಕಾಲದ ಮಾತ್ರೆ ಅಂತಾದರೆ ಅರೆಯಬಾರದು, ಕಚ್ಚಬಾರದು, ತುಂಡು ಮಾಡಬಾರದು. ನುಂಗಲು ಆಗದ ಮಗುವಾದರೆ ಡಾಕ್ಟರಿಗೆ ಮೊದಲೇ ಹೇಳಿ. ನುಂಗಲು ಕಲಿಸಬಹುದು ಕೂಡ. ನಾವು ಸಾಗುಅಕ್ಕಿಯಿಂದ ಶುರು ಮಾಡಿ ಕಲಿಸಿದೆವು.

ಇನ್ನೊಂದು, ತಿಂಡಿ. ಮಾತ್ರೆ ಕೊಟ್ಟ ಮೇಲೆ ಹಸಿವು ಓಡಿಹೋಗುತ್ತದೆ. ಅದಕ್ಕೇ ಮೊದಲು ಹೊಟ್ಟೆ ತುಂಬಾ ನೀರುದೋಸೆ, ಒಂದು ಮೊಟ್ಟೆ, ಆಮೇಲೆ ಮಾತ್ರೆ. ಮಧ್ಯಾಹ್ನದ ಬುತ್ತಿ ಅರ್ಧಕ್ಕರ್ಧ ವಾಪಸ್ ಬರುತ್ತದೆ, ಬೈಯಬೇಡಿ. ಸಂಜೆ ಆರರ ಮೇಲೆ ನೋಡಿ, ಗಂಜಿ ಪಾತ್ರೆಯನ್ನೇ ಎಳೆದುಕೊಂಡು ಕೂರುತ್ತಾರೆ.

ಮೆಡಿಕಲ್ ಅಣ್ಣ

ಇಪ್ಪತ್ತು ವರ್ಷದಿಂದ ಮದ್ದಿನ ಅಂಗಡಿಯಲ್ಲಿದ್ದೇನೆ. ಡಾಕ್ಟರ್ ಅಲ್ಲ. ಹಾಗಾಗಿ ಯಾವುದು ಕೊಡಬೇಕು ಅಂತ ಹೇಳುವುದಿಲ್ಲ, ಹೆಸರಿನ ಗೊಂದಲ ಮಾತ್ರ ಬಿಡಿಸುತ್ತೇನೆ.

ನೀವು ಐದು ಹೆಸರು ಹೇಳಿದಿರಿ. ನಿಜವಾಗಿ ಅಲ್ಲಿರುವುದು ಎರಡೇ ಕುಟುಂಬ. ಇನ್‌ಸ್ಪಿರಾಲ್, ಆಡ್‌ವೈಜ್, ಕಾನ್ಸರ್ಟಾ ಮೂರರಲ್ಲೂ ಮೀಥೈಲ್‌ಫೆನಿಡೇಟೇ. ಹಳೆಯ ರಿಟಾಲಿನ್ ಕೂಡ ಇದೇ. ಆಡರಾಲ್ ಮತ್ತು ವೈವಾನ್ಸ್ ಆಂಫೆಟಮೈನ್ ಕುಟುಂಬದವು. ಆಡರಾಲ್ ನಮ್ಮ ದೇಶದಲ್ಲಿ ಮಾರಾಟಕ್ಕಿಲ್ಲ. ಅಮೆರಿಕದ ಅಕ್ಕನಿಗೆ ದಯವಿಟ್ಟು ಕಳಿಸಬೇಡಿ ಅನ್ನಿ. ಆಂಫೆಟಮೈನ್ 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಪ್ರೀತಿಯಿಂದ ಕಳಿಸಿದ ಪಾರ್ಸೆಲ್‌ಗಾಗಿ ನೀವು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಬೇಕಾದೀತು.

ಈಗ 5 ಮತ್ತು 18ರ ಲೆಕ್ಕ. ನಿಮ್ಮದು ಬೇಗ ಕರಗುವ ಮಾತ್ರೆ. ಒಂದು ಮಾತ್ರೆ ಮೂರು ನಾಲ್ಕು ಗಂಟೆ ಕೆಲಸ ಮಾಡುತ್ತದೆ. ಗೆಳೆಯನ ಮಗಳದ್ದು ಹನ್ನೆರಡು ಗಂಟೆಯವರೆಗೆ ಹೋಗುವ ಜಾತಿಯದ್ದಿರಬೇಕು. ಕಾನ್ಸರ್ಟಾ ಮಾಡುವವರೇ ಕೊಡುವ ಲೆಕ್ಕದಲ್ಲಿ ಅವರ 18, ಹೆಚ್ಚುಕಡಿಮೆ 5ರ ಮಾತ್ರೆಯನ್ನು ದಿನಕ್ಕೆ ಎರಡು ಮೂರು ಸಲ ಕೊಟ್ಟದ್ದಕ್ಕೆ ಸಮ. ಅಂದರೆ ಇಬ್ಬರ ಮದ್ದೂ ಹತ್ತಿರ ಹತ್ತಿರ ಒಂದೇ! ಕುಟುಂಬ ಬದಲಾದರೆ ಅಂತೂ ಸಂಖ್ಯೆಗೆ ಅರ್ಥವೇ ಇಲ್ಲ. ವೈವಾನ್ಸ್ 30, 50, 70 ಅಂತ ಬರುತ್ತದೆ. ಅದನ್ನು ಇದರ 10ರ ಜೊತೆ ಹೋಲಿಸುವುದು ಅಡಿಕೆಯ ಕಿಲೋವನ್ನೂ ತೆಂಗಿನಕಾಯಿಯ ಲೆಕ್ಕವನ್ನೂ ಹೋಲಿಸಿದ ಹಾಗೆ.

ಕಾನ್ಸರ್ಟಾ ಮಾತ್ರೆಯ ಚಿಪ್ಪು ಹೊಟ್ಟೆಯಲ್ಲಿ ಕರಗುವುದಿಲ್ಲ. ಒಳಗೆ ನೀರು ಹೀರಿಕೊಂಡು ಉಬ್ಬುವ ಒಂದು ಪದರ ಇದೆ. ಅದು ಮದ್ದನ್ನು ಸಣ್ಣ ತೂತಿನಿಂದ ಹೊರಗೆ ತಳ್ಳುತ್ತದೆ. ಖಾಲಿ ಚಿಪ್ಪು ಮರುದಿನ ಮಲದಲ್ಲಿ ಕಾಣುತ್ತದೆ. ಒಬ್ಬರು ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು "ನಿಮ್ಮ ಮದ್ದು ಕರಗಲೇ ಇಲ್ಲ, ದುಡ್ಡು ವಾಪಸ್ ಕೊಡಿ" ಅಂತ ಜಗಳ ಮಾಡಿದ್ದರು.

ಸಣ್ಣ ಪೇಟೆಯಲ್ಲಿ ಇದು ಸಿಗದೆ ಇರುವುದಕ್ಕೂ ಕಾರಣ ಉಂಟು. ಇದು ಷೆಡ್ಯೂಲ್ ಎಕ್ಸ್ ಮದ್ದು. ಇಡಲಿಕ್ಕೆ ಅಂಗಡಿಗೆ ಬೇರೆಯೇ ಲೈಸೆನ್ಸ್ ಬೇಕು. ಚೀಟಿ ಎರಡು ಪ್ರತಿ ಬೇಕು, ಒಂದನ್ನು ನಾವು ಎರಡು ವರ್ಷ ಇಟ್ಟುಕೊಳ್ಳಬೇಕು. ತಿಂಗಳಿಗೆ ಎರಡು ಸ್ಟ್ರಿಪ್ ಹೋಗುವ ಮದ್ದಿಗೆ ಇಷ್ಟು ಉಸಾಬರಿ ಯಾಕೆ ಅಂತ ತುಂಬಾ ಅಂಗಡಿಯವರು ಬಿಟ್ಟುಬಿಡುತ್ತಾರೆ. ವಾಟ್ಸಾಪಿನಲ್ಲಿ ಚೀಟಿಯ ಫೋಟೋ ಕಳಿಸಿ "ಕೊಡಿ ಅಣ್ಣ" ಅಂದರೆ ಕೊಡಲಿಕ್ಕಾಗುವುದಿಲ್ಲ. ಕೋಪ ಮಾಡಿಕೊಳ್ಳಬೇಡಿ.

ಬೋವಿಕ್ಕಾನದ ಕೃಷಿಕ

ಮಾರಾಯ್ರೆ, ಪೇಪರ್ ತೆರೆದರೆ ದಿನಾ ಎಂಡಿಎಂಎ ಅನ್ನುವ ನಶೆಮದ್ದು ಹಿಡಿದ ಸುದ್ದಿ. ಇದೂ ಅದೇ ಜಾತಿಯದ್ದಲ್ವಾ? ಒಂಬತ್ತು ವರ್ಷದ ಮಗುವಿಗೆ ಕೊಟ್ಟು ಮತ್ತೆ ಅಭ್ಯಾಸ ಆಗಿಬಿಟ್ಟರೆ? ಇನ್ನೊಂದು ಸಂಶಯ. ನಮ್ಮ ಕಡೆ ಗೇರುತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು ಎಲ್ಲರಿಗೂ ಗೊತ್ತು. ಅದರಿಂದ ಆಗಿರಬಹುದಾ?

ಸೈಕಿಯಾಟ್ರಿ ಪಿಜಿ

ಮಂಗಳೂರಿನಲ್ಲಿ ಮಾನಸಿಕ ರೋಗಗಳ ಡಾಕ್ಟರ್ ಆಗಲು ಓದುತ್ತಿದ್ದೇನೆ, ಊರು ಪೆರ್ಲ. ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನಮ್ಮ ಊರಲ್ಲಿ ಮಗು ಸ್ವಲ್ಪ ಬೇರೆ ಥರ ಅಂದ ಕೂಡಲೇ ಆ ಪ್ರಶ್ನೆ ಬರುತ್ತದೆ. ನಾವು ನೋಡಿದ್ದನ್ನು ನೋಡಿದರೆ ಬರಬೇಕಾದ್ದೇ. ಆದರೆ ಎಡಿಎಚ್‌ಡಿ ಎಂಡೋಸಲ್ಫಾನ್ ಬಿಡದ ಊರುಗಳಲ್ಲೂ, ಎಲ್ಲ ದೇಶಗಳಲ್ಲೂ ಇದೆ. ಹೆಚ್ಚಾಗಿ ಮನೆತನದಲ್ಲೇ ಬರುತ್ತದೆ. ಬೈಕಿನ ಕೀ ಹುಡುಕುವ ಅಪ್ಪ ಒಮ್ಮೆ ತನ್ನನ್ನೂ ತೋರಿಸಿಕೊಳ್ಳಬಹುದು, ತಮಾಷೆಗೆ ಹೇಳುತ್ತಿಲ್ಲ.

ಎಂಡಿಎಂಎ ಆಂಫೆಟಮೈನ್ ಕುಟುಂಬದ್ದು, ಹೌದು. ಮೀಥೈಲ್‌ಫೆನಿಡೇಟ್ ಆ ಕುಟುಂಬದ್ದಲ್ಲ. ಮಿದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಅಂತ ಎರಡು ರಾಸಾಯನಿಕ ಇವೆ. ನರದ ತುದಿಯಿಂದ ಹೊರಗೆ ಬಂದದ್ದು ಸ್ವಲ್ಪ ಹೊತ್ತಿನಲ್ಲಿ ವಾಪಸ್ ಒಳಗೆ ಹೋಗುತ್ತದೆ. ತೋಟದಲ್ಲಿ ನೀರು ನಿಲ್ಲಬೇಕಾದರೆ ಕಣಿಯ ಬಾಯಿಗೆ ಮಣ್ಣು ಹಾಕುತ್ತೀರಲ್ವಾ, ಮೀಥೈಲ್‌ಫೆನಿಡೇಟ್ ಮಾಡುವುದು ಅಷ್ಟೇ. ವಾಪಸ್ ಹೋಗುವ ದಾರಿ ಕಟ್ಟುತ್ತದೆ. ಆಂಫೆಟಮೈನ್ ದಾರಿಯನ್ನೂ ಕಟ್ಟುತ್ತದೆ, ಮೇಲಿಂದ ಪಂಪನ್ನೂ ಬಿಡುತ್ತದೆ. ಅದಕ್ಕೇ ಕೆಲವರಿಗೆ ಅದು ಜೋರಾಗಿ ಹಿಡಿಯುವುದು.

ಚಟದ ವಿಷಯ. ಮದ್ದು ಎಷ್ಟು ಬೇಗ ಮಿದುಳಿಗೆ ಏರುತ್ತದೆ ಅನ್ನುವುದರ ಮೇಲೆ ತುಂಬಾ ನಿಂತಿದೆ. ಬಾಯಲ್ಲಿ ನುಂಗಿ, ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ನಿಧಾನ ಏರುತ್ತದೆ. ಮಕ್ಕಳಿಗೆ ನಶೆ ಅನ್ನಿಸುವುದಿಲ್ಲ. ಪುಡಿ ಮಾಡಿ ಮೂಗಿಗೆ ಎಳೆಯುವವರ ಕಥೆ ಬೇರೆ. ದುರುಪಯೋಗ ಆಗುವ ಮದ್ದು ಅನ್ನುವುದು ಸುಳ್ಳಲ್ಲ. ಪರೀಕ್ಷೆಗೆ ನಿದ್ದೆ ಬಿಡಲಿಕ್ಕೆ ಅಂತ ಹಂಚಿಕೊಳ್ಳುವ ಕಾಲೇಜು ಹುಡುಗರೂ ಇದ್ದಾರೆ. ಮಾತ್ರೆ ದೊಡ್ಡವರ ಕೈಯಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇರಲಿ.

ಈಗ ಮೂಲ ಪ್ರಶ್ನೆ, ಯಾವುದು ಒಳ್ಳೆಯದು. 2018ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ 133 ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ಅಧ್ಯಯನ ಬಂತು. ಪರಿಣಾಮ ಮಾತ್ರ ನೋಡಿದರೆ ಆಂಫೆಟಮೈನ್ ಒಂದು ಕೈ ಮೇಲೆ. ಆದರೆ ಅಡ್ಡ ಪರಿಣಾಮ ತಡೆಯಲಾಗದೆ ಬಿಟ್ಟವರೂ ಅದರಲ್ಲಿ ಜಾಸ್ತಿ. ಎರಡನ್ನೂ ತೂಗಿ, ಮಕ್ಕಳಿಗೆ ಮೊದಲು ಮೀಥೈಲ್‌ಫೆನಿಡೇಟ್, ದೊಡ್ಡವರಿಗೆ ಆಂಫೆಟಮೈನ್ ಅಂತ ಅವರು ಹೇಳಿದರು. ನಿಮ್ಮ ಮಗನಿಗೆ ಬರೆದಿರುವುದು ಇಲ್ಲಿ ಸಿಗುವುದು ಅದೊಂದೇ ಅಂತ ಅಲ್ಲ. ಆಂಫೆಟಮೈನ್ ಕುಟುಂಬದ ಮದ್ದೂ ಸಿಗುವ ಇಂಗ್ಲೆಂಡಿನಲ್ಲೂ ಆ ವಯಸ್ಸಿಗೆ ಮೊದಲು ಬರೆಯುವುದು ಅದನ್ನೇ.

ಸುಮಾರು ಹತ್ತರಲ್ಲಿ ಏಳು ಮಕ್ಕಳಿಗೆ ಇದು ಹಿಡಿಯುತ್ತದೆ. ಹಿಡಿದರೆ ಗೊತ್ತಾಗಲು ತಿಂಗಳು ಕಾಯಬೇಕಾಗಿಲ್ಲ, ಅದೇ ದಿನ ಗೊತ್ತಾಗುತ್ತದೆ. ಸರಿಯಾದ ಪ್ರಮಾಣ ಹುಡುಕಲಿಕ್ಕೆ ಕೆಲವು ವಾರ ಬೇಕು. 5ರಿಂದ ಶುರು ಮಾಡುವುದು ಅದಕ್ಕೇ.

ಬದಿಯಡ್ಕದವ

ಇಷ್ಟೆಲ್ಲ ಯಾಕೆ? ತಿಮರೆ (ಒಂದೆಲಗ) ಚಟ್ನಿ ತಿನ್ನಿಸಿ, ಆಯುರ್ವೇದದ ಸಾರಸ್ವತಾರಿಷ್ಟ ಕೊಡಿ. ನಮ್ಮ ಅಜ್ಜನ ಕಾಲದಿಂದ ಬುದ್ಧಿಗೆ ಅದೇ ಮದ್ದು.

ಮುಳ್ಳೇರಿಯದ ಅಮ್ಮ

ಅಣ್ಣಾ, ತಿಮರೆ ಚಟ್ನಿ ನಮ್ಮಲ್ಲಿ ವಾರಕ್ಕೆ ಮೂರು ದಿನ ಉಂಟು. ಮಗಳಿಗೆ ಇಷ್ಟ. ಲೆಕ್ಕದ ಪುಸ್ತಕವನ್ನು ಬಸ್ಸಿನಲ್ಲಿ ಬಿಟ್ಟು ಬರುವುದು ಅದರಿಂದ ನಿಲ್ಲಲಿಲ್ಲ. ಮತ್ತೆ ಅರಿಷ್ಟ ಅಂದರೆ ಹುಳಿ ಬರಿಸಿ ಮಾಡಿದ್ದು, ಅದರಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಮಾತ್ರೆಯ ಜೊತೆ ಕೊಡುವುದಾದರೆ ಡಾಕ್ಟರಿಗೆ ತಿಳಿಸಿಯೇ ಕೊಡಬೇಕು.

ಕುಂಬಳೆ ಟೀಚರ್

ಕ್ಲಾಸಿನ ಕಡೆಯಿಂದ ನೋಡಿದ್ದನ್ನು ಹೇಳುತ್ತೇನೆ. ಮಾತ್ರೆ ಶುರು ಮಾಡಿದ ಮಕ್ಕಳು ಒಮ್ಮೆಲೇ ಜಾಣರಾಗುವುದಿಲ್ಲ. ಗೊತ್ತಿಲ್ಲದ ಭಾಗಾಕಾರ ಮಾತ್ರೆಯಿಂದ ಬರುವುದಿಲ್ಲ. ಬೋರ್ಡಿನಲ್ಲಿದ್ದ ಆರು ಸಾಲಿನಲ್ಲಿ ಎರಡು ಸಾಲು ಬರೆದು ಕಿಟಕಿ ನೋಡುತ್ತಿದ್ದ ಹುಡುಗ ಆರನ್ನೂ ಬರೆಯುತ್ತಾನೆ. ಬದಲಾವಣೆ ಅಷ್ಟೇ. ಆದರೆ ಆ ನಾಲ್ಕು ಸಾಲು ಸಣ್ಣದಲ್ಲ. ನಮ್ಮ ಮಕ್ಕಳು ಕನ್ನಡ, ಮಲಯಾಳ, ಇಂಗ್ಲಿಷ್ ಅಂತ ಮೂರು ಲಿಪಿಯಲ್ಲಿ ಕಣ್ಣು ಓಡಿಸಬೇಕು.

ಎರಡು ಹೊತ್ತಿನ ಮಾತ್ರೆಯ ಕಷ್ಟ ಇರುವುದು ಮಧ್ಯಾಹ್ನ. ಊಟದ ಗಲಾಟೆಯಲ್ಲಿ ಯಾರು ಕೊಡುವುದು? ಮಗುವಿನ ಚೀಲದಲ್ಲಿ ಇಡಲೇಬಾರದು. ನಾನು ಒಬ್ಬನಿಗೆ ಸ್ಟಾಫ್ ರೂಮಿಗೆ ಕರೆದು ಕೊಡುತ್ತಿದ್ದೆ. ಎರಡು ವಾರದಲ್ಲಿ ಉಳಿದ ಮಕ್ಕಳು ಅವನಿಗೆ "ಗುಳಿಗೆ" ಅಂತ ಹೆಸರಿಟ್ಟರು. ಅವನು ಬರುವುದನ್ನೇ ನಿಲ್ಲಿಸಿದ. ಆಮೇಲೆ ಮನೆಯವರು ಡಾಕ್ಟರನ್ನು ಕೇಳಿ ಬೆಳಿಗ್ಗೆ ಒಂದೇ ಮಾತ್ರೆಗೆ ಬದಲಿಸಿದರು. ಬೆಲೆ ಜಾಸ್ತಿ, ಆದರೆ ಹೆಸರು ಹೋಯಿತು.

ಒಂದು ಎಚ್ಚರಿಕೆ. ಮಗು ಮೂಲೆಯಲ್ಲಿ ಗೊಂಬೆಯ ಹಾಗೆ ಕೂತರೆ "ಆಹಾ, ಎಷ್ಟು ಪಾಪ ಆಗಿದ್ದಾನೆ" ಅಂತ ಖುಷಿ ಪಡಬೇಡಿ. ನಗು, ಕೀಟಲೆ ಎಲ್ಲ ಹೋಗಿದ್ದರೆ ಪ್ರಮಾಣ ಜಾಸ್ತಿಯಾಗಿರಬಹುದು. ಡಾಕ್ಟರಿಗೆ ಹೇಳಿ. ಮತ್ತೆ ಎಡಿಎಚ್‌ಡಿ ಅಂದರೆ ಎಲ್ಲರಿಗೂ ನೆನಪಾಗುವುದು ಗಂಡು ಮಕ್ಕಳೇ. ಬೊಬ್ಬೆ ಹಾಕದೆ, ಕೂತಲ್ಲೇ ಎಲ್ಲೋ ಹೋಗಿಬಿಡುವ ಹೆಣ್ಣು ಮಕ್ಕಳನ್ನು ನಾವು ಟೀಚರುಗಳೇ ಎಷ್ಟೋ ಸಲ ಗುರುತಿಸುವುದಿಲ್ಲ. ಮುಳ್ಳೇರಿಯದ ಅಕ್ಕ ಗುರುತಿಸಿದ್ದು ದೊಡ್ಡ ವಿಷಯ.

ರಜೆಗೆ ಬಂದವ

ದುಬೈಯಲ್ಲಿ ಅಕೌಂಟ್ಸ್ ಕೆಲಸ, ಊರು ಉಪ್ಪಳ. ನನಗೆ ಗೊತ್ತಾದದ್ದು 33ನೇ ವಯಸ್ಸಿನಲ್ಲಿ. ಅಲ್ಲಿವರೆಗೆ ನನಗಿದ್ದ ಬಿರುದು "ಮರೆಗುಳಿ".

ಎರಡೂ ಥರದ ಮೀಥೈಲ್‌ಫೆನಿಡೇಟ್ ತೆಗೆದುಕೊಂಡಿದ್ದೇನೆ. ಬೇಗ ಕರಗುವುದು ಸ್ವಿಚ್ ಹಾಕಿದ ಹಾಗೆ. ಅರ್ಧ ಗಂಟೆಯಲ್ಲಿ ಇನ್ವಾಯ್ಸ್‌ಗಳು ಸಾಲಾಗಿ ನಿಲ್ಲುತ್ತವೆ. ಆದರೆ ನಾಲ್ಕನೇ ಗಂಟೆಗೆ ಸ್ವಿಚ್ ಆಫ್. ಆ ಇಳಿಯುವ ಹೊತ್ತು ಕಷ್ಟ. ಸಣ್ಣ ಮಾತಿಗೂ ಸಿಟ್ಟು, ಕಣ್ಣಲ್ಲಿ ನೀರು. ಮಕ್ಕಳಲ್ಲಿ ಅದು ಸಂಜೆ ಬಸ್ಸಿನಿಂದ ಇಳಿದ ಕೂಡಲೇ ಕಾಣುತ್ತದೆ, ಹಟ ಅಂತ ತಿಳಿದು ಹೊಡೆಯಬೇಡಿ. ದೀರ್ಘ ಕಾಲದ್ದು ನಿಧಾನ ಏರಿ ನಿಧಾನ ಇಳಿಯುತ್ತದೆ. ನನಗೆ ಅದೇ ಆಗುತ್ತದೆ. ಆದರೆ ಬೆಳಿಗ್ಗೆ ಹತ್ತಕ್ಕೆ ನೆನಪಾಗಿ ನುಂಗಿದರೆ ರಾತ್ರಿ ನಿದ್ದೆಗೆ ಸಂಚಕಾರ. ಮರೆಗುಳಿಗೆ ಮರೆಯಬಾರದ ಮಾತ್ರೆ! ಚಹಾ ದಿನಕ್ಕೆ ಐದು ಇದ್ದದ್ದನ್ನು ಎರಡಕ್ಕೆ ಇಳಿಸಿದೆ, ಇಲ್ಲದಿದ್ದರೆ ಎದೆಬಡಿತ ಜಾಸ್ತಿಯಾಗುತ್ತದೆ.

ಗಲ್ಫಿಗೆ ಹೋಗಿ ಬರುವವರಿಗೆ ಒಂದು ಮಾತು. ಯುಎಇಯಲ್ಲಿ ಇದು ನಿಯಂತ್ರಿತ ಮದ್ದು. ಊರಿಂದ ತೆಗೆದುಕೊಂಡು ಹೋಗುವುದಾದರೆ ಅಲ್ಲಿನ ಆರೋಗ್ಯ ಇಲಾಖೆಗೆ ಆನ್‌ಲೈನ್ ಅರ್ಜಿ ಹಾಕಿ ಮೊದಲೇ ಒಪ್ಪಿಗೆ ಪಡೆಯಬೇಕು. ಡಾಕ್ಟರ ಪತ್ರ, ಚೀಟಿ ಕೈಚೀಲದಲ್ಲೇ ಇರಲಿ. "ಗೆಳೆಯನಿಗೆ ಒಂದು ಸ್ಟ್ರಿಪ್" ಅಂತ ಯಾರು ಕೊಟ್ಟರೂ ತರಬೇಡಿ.

ನೀರ್ಚಾಲಿನ ಅಪ್ಪ

ಎಲ್ಲರಿಗೂ ಉಪಕಾರ. ಮೊನ್ನೆ ಫೋನಿನಲ್ಲಿ ಡಾಕ್ಟರ್ ಅಟೊಮಾಕ್ಸೆಟಿನ್ ಅಂತ ಇನ್ನೊಂದರ ಹೆಸರು ಹೇಳಿದರು. "ಭಯ ಇದ್ದರೆ ಅದನ್ನು ನೋಡೋಣ" ಅಂದರು. ಚಟ ಆಗುವುದಿಲ್ಲವಂತೆ. ಅದೇ ಒಳ್ಳೆಯದಲ್ವಾ ಹಾಗಾದರೆ? ಮತ್ತೆ ಬೆಳವಣಿಗೆ ನಿಲ್ಲುತ್ತದೆ ಅಂತ ಯಾರೋ ಹೇಳಿದರು.

ಸೈಕಿಯಾಟ್ರಿ ಪಿಜಿ

ಅದು ಮೀಥೈಲ್‌ಫೆನಿಡೇಟ್, ಆಂಫೆಟಮೈನ್‌ಗಳ ಹಾಗೆ ಉತ್ತೇಜಕ ಮದ್ದಲ್ಲ. ಚಟದ ಭಯ ಇಲ್ಲ, ಇಡೀ ದಿನ ಕೆಲಸ ಮಾಡುತ್ತದೆ. ಆದರೆ ಪೂರ್ತಿ ಹಿಡಿಯಲು ನಾಲ್ಕರಿಂದ ಆರು ವಾರ ಬೇಕು, ಸರಾಸರಿಯಲ್ಲಿ ಪರಿಣಾಮವೂ ಸ್ವಲ್ಪ ಕಡಿಮೆ. ಹೊಟ್ಟೆ ತೊಳಸುವುದು, ತೂಕಡಿಕೆ ಇರಬಹುದು. ಶುರುವಿನ ವಾರಗಳಲ್ಲಿ ಮಗುವಿನ ಮನಸ್ಥಿತಿಯ ಮೇಲೆ ಕಣ್ಣಿಡಬೇಕು. ಸಾಯುವ ಮಾತು ಬಂದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಹೆದರಿಕೆಗೋಸ್ಕರ ಅದನ್ನು ಆರಿಸುವುದಕ್ಕಿಂತ ಕಾರಣ ಇದ್ದಾಗ ಆರಿಸುವುದು ಒಳ್ಳೆಯದು. ಮೀಥೈಲ್‌ಫೆನಿಡೇಟ್ ಹಿಡಿಯದಿದ್ದರೆ, ತಡೆಯಲಾಗದಿದ್ದರೆ, ಮನೆಯಲ್ಲಿ ದುರುಪಯೋಗದ ಭಯ ಇದ್ದರೆ, ಹೀಗೆ.

ಬೆಳವಣಿಗೆ ನಿಲ್ಲುವುದಿಲ್ಲ, ಸ್ವಲ್ಪ ನಿಧಾನವಾಗಬಹುದು. ಅಮೆರಿಕದಲ್ಲಿ 579 ಮಕ್ಕಳನ್ನು ಇಟ್ಟುಕೊಂಡು ಮಾಡಿದ ಎಂಟಿಎ ಅಧ್ಯಯನ ಇದೆ, ಮೊದಲ ಫಲಿತಾಂಶ 1999ರಲ್ಲಿ ಬಂತು. ನಿರಂತರ ಮದ್ದು ತೆಗೆದುಕೊಂಡವರು ಮೂರು ವರ್ಷದಲ್ಲಿ ಸುಮಾರು 2 ಸೆಂಟಿಮೀಟರ್ ಹಿಂದೆ ಬಿದ್ದಿದ್ದರು. ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. 14 ತಿಂಗಳಿಗೆ ಮದ್ದಿನ ಗುಂಪು ಚೆನ್ನಾಗಿ ಮುಂದಿತ್ತು. ಮೂರನೇ ವರ್ಷಕ್ಕೆ ಆ ಅಂತರ ಉಳಿದಿರಲಿಲ್ಲ. ಅದಕ್ಕೇ ಮಾತ್ರೆಯ ಜೊತೆ ಮನೆಯ ಶಿಸ್ತು, ಶಾಲೆಯ ಸಹಾಯ ಬೇಕು, ವರ್ಷಕ್ಕೊಮ್ಮೆಯಾದರೂ "ಇನ್ನೂ ಬೇಕಾ?" ಅಂತ ನೋಡಬೇಕು. ಶುರು ಮಾಡುವ ಮೊದಲು ಎತ್ತರ, ತೂಕ, ರಕ್ತದೊತ್ತಡ, ನಾಡಿ ಬರೆದಿಡಿ. ಮನೆತನದಲ್ಲಿ ಸಣ್ಣ ವಯಸ್ಸಿನಲ್ಲಿ ಹೃದಯದಿಂದ ಹೋದವರಿದ್ದರೆ ಬಿಡದೆ ಹೇಳಿ.

ಮಂಜೇಶ್ವರದ ಅಕ್ಕ

ಪಿಜಿಯವರು ಹೇಳದ ಒಂದು ಹೋಲಿಕೆ ನಾನು ಹೇಳುತ್ತೇನೆ, ಮದ್ದು ಮುಗಿದು ಹೋದರೆ ಎಂತ ಅಂತ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಮುಚ್ಚಿದರಲ್ಲ. ನಮ್ಮ ಡಾಕ್ಟರೂ ಆಚೆ, ಮದ್ದಿನ ಅಂಗಡಿಯೂ ಆಚೆ. ಮಗನಿಗೆ ಆಗ ಎರಡು ಮದ್ದು. ಹಗಲಿಗೆ ಮೀಥೈಲ್‌ಫೆನಿಡೇಟ್, ರಾತ್ರಿಗೆ ಕ್ಲೋನಿಡಿನ್, ಅದು ರಕ್ತದೊತ್ತಡವನ್ನೂ ಇಳಿಸುವ ಮದ್ದು. ಡಾಕ್ಟರ್ ಫೋನಿನಲ್ಲಿ ಹೇಳಿದರು, ಹಗಲಿನದ್ದು ತಪ್ಪಿದರೆ ಅವನ ಹಳೆಯ ಗಲಾಟೆ ವಾಪಸ್ ಬರುತ್ತದೆ ಅಷ್ಟೇ, ರಾತ್ರಿಯದ್ದನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ, ರಕ್ತದೊತ್ತಡ ಏರುತ್ತದೆ ಅಂತ. ಅವರ ಲೆಕ್ಕದ ಪ್ರಕಾರ ಇಳಿಸುತ್ತಾ ಬಂದೆವು. ಆ ಎರಡು ತಿಂಗಳು ನಮ್ಮ ಮನೆ ಮಾಡಿನ ಮೇಲೆ ಹಂಚು ಉಳಿದದ್ದೇ ದೊಡ್ಡದು. ಅಂದಿನಿಂದ ಹದಿನೈದು ದಿನದ ಮದ್ದು ಇರುವಾಗಲೇ ಮುಂದಿನದ್ದಕ್ಕೆ ಹೊರಡುತ್ತೇನೆ.

ಮೆಡಿಕಲ್ ಅಣ್ಣ

ಇತಿಹಾಸ ಇಷ್ಟ ಇರುವವರಿಗೆ ಒಂದು ಕಥೆ. 1937ರಲ್ಲಿ ಅಮೆರಿಕದ ಚಾರ್ಲ್ಸ್ ಬ್ರಾಡ್ಲಿ ಅನ್ನುವ ಡಾಕ್ಟರ್ ಮಕ್ಕಳ ತಲೆನೋವಿಗೆ ಅಂತ ಬೆಂಜಡ್ರಿನ್ ಕೊಟ್ಟರು. ಅದು ಆಂಫೆಟಮೈನ್. ತಲೆನೋವಿನ ಕಥೆ ಬಿಡಿ, ಮಕ್ಕಳು ಕೂತು ಲೆಕ್ಕ ಮಾಡಿದರು. ಅವರೇ ಅದಕ್ಕೆ ಲೆಕ್ಕದ ಮಾತ್ರೆ ಅಂತ ಹೆಸರಿಟ್ಟರಂತೆ. ಮೀಥೈಲ್‌ಫೆನಿಡೇಟ್ ಹುಟ್ಟಿದ್ದು 1944ರಲ್ಲಿ, ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯಲ್ಲಿ. ಮಾಡಿದವರು ಲಿಯಾಂಡ್ರೊ ಪನಿಜ್ಜೋನ್. ಹೆಂಡತಿಯನ್ನು ಮನೆಯಲ್ಲಿ ರೀಟಾ ಅಂತ ಕರೆಯುತ್ತಿದ್ದರು, ಅದೇ ರಿಟಾಲಿನ್ ಆಯಿತು.

ನೀರ್ಚಾಲಿನ ಅಪ್ಪ

ಐದು ವಾರ ಆಯಿತು, ಹೇಳಿ ಹೋಗುತ್ತೇನೆ. ಶುರು ಮಾಡಿದೆವು. ಮೊದಲ ವಾರ ಬೆಳಿಗ್ಗೆ ಒಂದೇ. ಮೂರು ದಿನ ಹೊಟ್ಟೆನೋವು, ಆಮೇಲೆ ಹೋಯಿತು. ಎರಡನೇ ವಾರ ಮಧ್ಯಾಹ್ನದ್ದೂ ಸೇರಿತು. ನಾವು ಒಂದು ಹಳೆ ಡೈರಿಯಲ್ಲಿ ಗಂಟೆ ಗಂಟೆಗೆ ಬರೆದಿಟ್ಟೆವು. ಯಾವಾಗ ಕೊಟ್ಟೆವು, ಯಾವಾಗ ಇಳಿಯಿತು, ಎಂತ ತಿಂದ. ಆ ಡೈರಿ ನೋಡಿಯೇ ಡಾಕ್ಟರ್ ಹೇಳಿದರು, "ನಿಮ್ಮವನಿಗೆ ಮದ್ದು ಸಾಕು, ಗಂಟೆ ಸಾಲದು" ಅಂತ. ಬಸ್ಸು ಎಂಟೂವರೆಗೆ, ಶಾಲೆ ಬಿಡುವುದು ನಾಲ್ಕಕ್ಕೆ. ಸಣ್ಣ ಮಾತ್ರೆಯ ಎರಡು ತುದಿ ಅಷ್ಟು ದೂರಕ್ಕೆ ಮುಟ್ಟುತ್ತಿರಲಿಲ್ಲ. ಈಗ ದೀರ್ಘ ಕಾಲದ 18ಕ್ಕೆ ಬದಲಿಸಿದ್ದಾರೆ. ಗೆಳೆಯನ ಮಗಳ ಮಾತ್ರೆಯೇ ಬಂತು ಕೊನೆಗೆ!

ತೂಕ 26 ಇದ್ದದ್ದು ಇಪ್ಪತ್ತೈದೂವರೆ. ಬೆಳಿಗ್ಗೆ ಅಮ್ಮನೇ ಎದುರು ಕೂತು ತಿನ್ನಿಸುತ್ತಾರೆ, ತುಪ್ಪ ಜಾಸ್ತಿ ಹಾಕಿ. ಮದ್ದು ಅರೆಯುವ ಕಲ್ಲನ್ನು ನಾನು ಅಟ್ಟಕ್ಕೆ ಹಾಕಿದ್ದೇನೆ. ಮೊನ್ನೆ ಊರಿನಲ್ಲಿ ಯಕ್ಷಗಾನ ಇತ್ತು. ಮಗ ಮೊದಲನೇ ಸಲ ಒಂದು ಪ್ರಸಂಗ ಕೂತು ನೋಡಿದ. ಮಾತ್ರೆ ಆಗಲೇ ಇಳಿದಿತ್ತು, ಹಾಗಾಗಿ ಅದು ಚೆಂಡೆಯ ಮಹಿಮೆಯೋ ಎಂತದೋ.

ಒಂದೇ ತಾಪತ್ರಯ. ಹೊಸ ಮಾತ್ರೆ ನಮ್ಮ ಕಡೆ ಎರಡು ಅಂಗಡಿಯಲ್ಲಿ ಇಲ್ಲ ಅಂದರು.

ಮೆಡಿಕಲ್ ಅಣ್ಣ

ಸೋಮವಾರ ಬನ್ನಿ, ತರಿಸಿಡುತ್ತೇನೆ. ಅಂಗಡಿ ಎಲ್ಲಿ ಅಂತ ಮೆಸೇಜ್ ಮಾಡಿದ್ದೇನೆ ನೋಡಿ. ಚೀಟಿ ಎರಡು ಪ್ರತಿ, ಡಾಕ್ಟರ ಸಹಿ ಎರಡರಲ್ಲೂ. ಮರೆತು ಬಂದರೆ ವಾಪಸ್ ಕಳಿಸುತ್ತೇನೆ, ಆಮೇಲೆ ಬೈಕಿನ ಕೀ ಹುಡುಕುತ್ತಾ ನಿಲ್ಲಬೇಡಿ.